ಗಾಡಿ ನಮ್ದು, ಸಾಲ ಯಾರ್ದು? - ಕೋಲಾರ ಸೀಮೆಯ ಒಂದು ಹಳೇ ಕಥೆ

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಮೊದಲನೇ ಕಾರು ತಗೊಳ್ಳೋ ಸಂಭ್ರಮ. "ಮಾಮಾ, ಸಂಬಳ ಬರೋ ಬ್ಯಾಂಕಲ್ಲೇ ಲೋನ್ ಸ್ಯಾಂಕ್ಷನ್ ಆಗಿದೆ. ಆದ್ರೆ ಶೋರೂಮಿನವರು ಬಿಡ್ತಾ ಇಲ್ಲ. ನಮ್ಮ ಫೈನಾನ್ಸ್ ತಗೊಂಡ್ರೇನೇ ಡಿಸ್ಕೌಂಟು, ಇಲ್ಲಾಂದ್ರೆ ಗಾಡಿ ಬರೋದು ತಡ ಆಗುತ್ತೆ ಅಂತಾರೆ. ದಿನಕ್ಕೆ ಆರು ಸಲ ಫೋನು. ನೀನು ಒಂದ್ಸಲ ಬಾ" ಅಂದ.

ಹೋದೆ. ಎ.ಸಿ. ಕೋಣೆ, ಕಾಗದದ ಲೋಟದಲ್ಲಿ ಕಾಫಿ, ಟೈ ಕಟ್ಟಿದ ಹುಡುಗ. ನಮ್ಮ ಮುಖ ನೋಡಿದ ಕೂಡಲೇ ಯಾವ ಊರು ಅಂತ ಅಂದಾಜು ಮಾಡಿ ಕನ್ನಡದಿಂದ ತೆಲುಗಿಗೆ ಜಾರಿದ. "ಅಣ್ಣಾ, ಮನವಾಳ್ಳೇ ಕದಾ!" ಕೋಲಾರದ ಕಡೆಯವರಿಗೆ ಇದು ಗೊತ್ತಿರೋದೇ. ವ್ಯಾಪಾರದವನು ತೆಲುಗಿಗೆ ಬಂದ ಅಂದ್ರೆ ಜೇಬು ಹಿಡ್ಕೋಬೇಕು :-)

ಅಲ್ಲಿ ಏನಾಯಿತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಅಲ್ಲಿ ಕೂತಿದ್ದಾಗ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಬೇರೆ. ಮುಳಬಾಗಿಲಲ್ಲಿ ಕೂತಿರೋ ನಮ್ಮಕ್ಕ, ತೀರಿಹೋದ ಭಾವ, ಅವರ ಲಾರಿ. ನಮ್ಮ ಸೀಮೆಯಲ್ಲಿ ಗಾಡಿಯ ಕಥೆಯನ್ನೂ ಸಾಲದ ಕಥೆಯನ್ನೂ ಬೇರೆ ಬೇರೆ ಮಾಡಿ ಹೇಳೋಕೆ ಆಗಲ್ಲ. ಅದನ್ನೇ ಸ್ವಲ್ಪ ಹಿಂದಿನಿಂದ ಬರೆದು ನೋಡೋಣ ಅಂತ ಈ ಲೇಖನ.

ಕಾರು ಮತ್ತು ಬ್ಯಾಂಕು ಎರಡನ್ನೂ ಕನಸು ಕಂಡ ಒಬ್ಬರು ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರು. ಸರ್ ಎಂ. ವಿಶ್ವೇಶ್ವರಯ್ಯ. ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರಲ್ಲಿ ಜಿಲ್ಲೆ ಒಡೆಯುವ ತನಕ ಅದು ಕೋಲಾರದ್ದೇ. ಅವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕ್ ಶುರುವಾಯಿತು. (ಆಮೇಲೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು, 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಹೊಟ್ಟೆ ಸೇರಿತು.) ಕಾರಿನ ವಿಷಯಕ್ಕೆ ಅವರು ಕೈ ಹಾಕಿದ್ದು ಎಪ್ಪತ್ತು ದಾಟಿದ ಮೇಲೆ. 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ, ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ನೋಡಿಕೊಂಡು ಬಂದು ಭಾರತದಲ್ಲೇ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಮೊದಲು ಮುಂಬೈ ಅಂತ ಮಾತು, ಆಮೇಲೆ ವಾಲಚಂದ್ ಹೀರಾಚಂದ್ ಜೊತೆ ಸೇರಿ ಬೆಂಗಳೂರು ಅಂತ ಮಾತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ 1944ರಲ್ಲಿ ವಾಲಚಂದ್ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಬೆಂಗಳೂರಿಗೆ ಬರಬೇಕಾದ ಕಾರು ಮುಂಬೈಗೆ ಹೋಯಿತು. ಹಾಗಾಗಿ ನಮ್ಮ ಕಡೆಗೆ ಸಾಲ ಕೊಡೋ ಬ್ಯಾಂಕು ಮೊದಲು ಬಂತು, ಸಾಲ ಮಾಡಿ ತಗೊಳ್ಳೋ ಕಾರು ಎಷ್ಟೋ ದಶಕ ತಡವಾಗಿ ಬಂತು.

ಅಂಬಾಸಡರ್, ಫಿಯೆಟ್ ಕಾಲದಲ್ಲಿ ಸೇಲ್ಸ್‌ಮ್ಯಾನ್ ಕಾಟ ಅನ್ನೋ ಮಾತೇ ಇರಲಿಲ್ಲ. ಕಾಟ ಏನಿದ್ದರೂ ಗಿರಾಕಿಯದ್ದು. ದುಡ್ಡು ಕಟ್ಟಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಚೇತಕ್ ಸ್ಕೂಟರಿಗೂ ಅಷ್ಟೇ. ಡೀಲರ್ ಹತ್ತಿರ ಹೋಗಿ ಕೈಕಟ್ಟಿ ನಿಲ್ಲಬೇಕು, ಮಾವಿನ ಸೀಸನ್ನಲ್ಲಿ ಒಂದು ಬುಟ್ಟಿ ಬಾದಾಮಿ ಹಣ್ಣು ಕೊಟ್ಟು ಬರಬೇಕು. ನಮ್ಮ ಶ್ರೀನಿವಾಸಪುರದಲ್ಲಿ ನಾನು ಚಿಕ್ಕವನಿದ್ದಾಗ ಕಾರು ಇದ್ದದ್ದು ಕೆಲವು ಮಂಡಿ ಸಾಹುಕಾರರ ಹತ್ತಿರ, ಒಬ್ಬಿಬ್ಬರು ಡಾಕ್ಟರ ಹತ್ತಿರ. ಮಾಲೂರಲ್ಲಾದರೆ ಹೆಂಚಿನ ಫ್ಯಾಕ್ಟರಿಯವರು. ದುಡ್ಡು ಹೊಂದಿಸುತ್ತಿದ್ದದ್ದು ಚೀಟಿ ಎತ್ತಿ, ಒಡವೆ ಇಟ್ಟು, ಇಲ್ಲಾ ಮಂಡಿಯಲ್ಲಿ ಅಡ್ವಾನ್ಸ್ ಎತ್ತಿ.

ಈ ಮಂಡಿ ಅಡ್ವಾನ್ಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪೇಟೆಯವರಿಗೆ ಇದು ಗೊತ್ತಿರಲ್ಲ. ಮಾವು ಹೂ ಬಿಡೋ ಹೊತ್ತಿಗೆ ರೈತನಿಗೆ ದುಡ್ಡು ಬೇಕು. ಔಷಧಿ ಹೊಡೀಬೇಕು, ಮಗಳ ಮದುವೆ ಇದೆ. ಮಂಡಿಯವನು ಕೊಡ್ತಾನೆ. ಬಡ್ಡಿ ಕೇಳೋದೇ ಇಲ್ಲ ಎಷ್ಟೋ ಸಲ! "ನಮ್ಮೋನಲ್ವೇ ನೀನು, ಬಡ್ಡಿ ಏನು" ಅಂತಾನೆ. ಆದರೆ ಹಣ್ಣು ಅವನ ಮಂಡಿಗೇ ಹಾಕಬೇಕು. ಪಕ್ಕದ ಮಂಡಿಯಲ್ಲಿ ರೇಟು ಜಾಸ್ತಿ ಇದ್ದರೂ ಅಲ್ಲಿಗೆ ಹೋಗೋ ಹಾಗಿಲ್ಲ. ತೂಕ ಅವನದ್ದು, ಕಮಿಷನ್ ಅವನದ್ದು, "ಈ ಲಾಟು ಸ್ವಲ್ಪ ಮಚ್ಚೆ ಬಿದ್ದಿದೆ" ಅನ್ನೋ ತೀರ್ಮಾನವೂ ಅವನದ್ದೇ. ಬಡ್ಡಿ ಹಣ್ಣಿನ ರೇಟಿನಲ್ಲಿ ವಸೂಲಾಗುತ್ತೆ. ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಹಾಕೋರಿಗೂ ಈ ಕಥೆ ಹೊಸದಲ್ಲ. ನಮ್ಮ ತಾತ ಓದಿದೋರಲ್ಲ, ಆದರೆ ಒಂದು ಮಾತು ಹೇಳ್ತಿದ್ರು: "ಸಾಲ ಒಬ್ಬನ ಹತ್ರ ಮಾಡು, ಮಾಲು ಇನ್ನೊಬ್ಬನಿಗೆ ಹಾಕು." ಹೇಳೋಕೆ ಸುಲಭ. ಅವರ ಜೀವನದಲ್ಲಿ ಅವರಿಗೇ ಎಷ್ಟು ಸಲ ಸಾಧ್ಯವಾಯಿತೋ ಕಾಣೆ.

ಕಾರಿನವರದ್ದು ಹಾಗಾದರೆ ಲಾರಿಯವರದ್ದು ಇನ್ನೊಂದು ಕಥೆ. ಮುಳಬಾಗಿಲು ಅಂದರೆ ಮೂಡಣ ಬಾಗಿಲು, ರಾಜ್ಯದ ಪೂರ್ವದ ಬಾಗಿಲು. ಹಳೇ ಎನ್‌ಎಚ್ 4 (ಈಗಿನ 75) ಊರ ಪಕ್ಕದಲ್ಲೇ ಹಾದು ನಂಗಲಿ ದಾಟಿ ಆಂಧ್ರಕ್ಕೆ ಹೋಗುತ್ತೆ. ಹಾಗಾಗಿ ಊರಲ್ಲಿ ಲಾರಿ ಕೆಲಸದವರು ಬಹಳ. ಲಾರಿಗೆ ಬ್ಯಾಂಕು ಸಾಲ ಕೊಡ್ತಿರಲಿಲ್ಲ. ಕೊಟ್ಟರೂ ಜಮೀನು ಪತ್ರ, ಜಾಮೀನುದಾರರು ಅಂತ ಆರು ತಿಂಗಳು ಓಡಾಟ. ಆ ಜಾಗಕ್ಕೆ ಬಂದದ್ದು ಹೈರ್ ಪರ್ಚೇಸ್, ನಮ್ಮ ಬಾಯಲ್ಲಿ ಹೆಚ್.ಪಿ. ಮದ್ರಾಸಿನಲ್ಲಿ 1954ರಲ್ಲಿ ಸುಂದರಂ ಫೈನಾನ್ಸ್ ಶುರುವಾದ ಮೇಲೆ ದಕ್ಷಿಣದಲ್ಲೆಲ್ಲಾ ಈ ಪದ್ಧತಿ ಬೆಳೆಯಿತು. ಅದರ ಹಿಂದೆಯೇ ಊರೂರಲ್ಲಿ ಸಣ್ಣ ಪುಟ್ಟ ಫೈನಾನ್ಸ್‌ಗಳು, ಒಂದು ಮಳಿಗೆ, ಒಂದು ಕಬ್ಬಿಣದ ಬೀರು, ಗೋಡೆ ಮೇಲೆ ಲಕ್ಷ್ಮಿ ಫೋಟೋ.

ಹೆಚ್.ಪಿ.ಯ ಮರ್ಮ ಇರೋದು ಒಂದೇ ಕಡೆ. ಅದು ಸಾಲ ಅಲ್ಲ, ಬಾಡಿಗೆ. ಗಾಡಿಯ ಮಾಲೀಕ ಫೈನಾನ್ಸ್‌ನವನು. ನೀವು ತಿಂಗಳು ತಿಂಗಳು ಬಾಡಿಗೆ ಕಟ್ಟೋರು. ಕಡೇ ಕಂತು ಕಟ್ಟಿದ ದಿನ ಗಾಡಿ ನಿಮ್ಮದು. ಐವತ್ತೆಂಟು ಕಂತು ಕಟ್ಟಿ ಎರಡು ಬಾಕಿ ಇದ್ದರೂ ಕರಾರಿನ ಪ್ರಕಾರ ಗಾಡಿ ಅವನದ್ದೇ. ಈ ಅನ್ಯಾಯ ತಡೆಯೋಕೆ ಅಂತಾನೇ ಸಂಸತ್ತು 1972ರಲ್ಲಿ ಹೈರ್ ಪರ್ಚೇಸ್ ಕಾಯ್ದೆ ಮಾಡಿತು. ಇಂತಿಷ್ಟು ಭಾಗ ಕಟ್ಟಿಯಾದ ಮೇಲೆ ಕೋರ್ಟಿನ ಅಪ್ಪಣೆ ಇಲ್ಲದೆ ಗಾಡಿ ಎಳಕೊಂಡು ಹೋಗೋ ಹಾಗಿಲ್ಲ ಅಂತೆಲ್ಲಾ ಅದರಲ್ಲಿತ್ತು. ತಮಾಷೆ ಏನಂದ್ರೆ ಆ ಕಾಯ್ದೆ ಒಂದು ದಿನವೂ ಜಾರಿಗೆ ಬರಲಿಲ್ಲ. ಪುಸ್ತಕದಲ್ಲೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದು 2005ರಲ್ಲಿ ರದ್ದಾಯಿತು. ಹುಟ್ಟಿದ ಮಗು ಕಣ್ಣೇ ಬಿಡದೆ ಹೋದ ಹಾಗೆ.

ನಮ್ಮ ಭಾವನ ಲಾರಿ ಹೋದದ್ದು ಈ ಮಧ್ಯದ ಕಾಲದಲ್ಲೇ, 1994ರಲ್ಲಿ. ಸೆಕೆಂಡ್ ಹ್ಯಾಂಡ್ ಗಾಡಿ. ಗಾಡಿ ಮಾರಿಸಿಕೊಟ್ಟ ದಲ್ಲಾಳಿಯೇ ಫೈನಾನ್ಸ್‌ಗೂ ಕರಕೊಂಡು ಹೋಗಿದ್ದ. "ನೀವು ಓಡಾಡೋದು ಬೇಡ ಭಾವಾ, ಎಲ್ಲಾ ನಾನ್ ನೋಡ್ಕೋತೀನಿ" ಅಂತ. ಖಾಲಿ ಕಾಗದಕ್ಕೆ, ಛಾಪಾ ಕಾಗದಕ್ಕೆ, ಚೆಕ್ಕುಗಳಿಗೆ ಸಹಿ ಹಾಕಿಸಿಕೊಂಡ. ಎಂಜಿನ್ ಕೆಲಸ ಬಂದು ಮೂರು ಕಂತು ತಪ್ಪಿತು. ಚಿತ್ತೂರಿಗೆ ಲೋಡು ಹೋಗಿದ್ದ ಗಾಡಿಯನ್ನು ವಾಪಸ್ ಬರುವಾಗ ರಾತ್ರಿ ನಂಗಲಿ ಹತ್ತಿರ ನಿಲ್ಲಿಸಿ ನಾಲ್ಕು ಜನ ಕೀ ಕಿತ್ಕೊಂಡರು. ಭಾವ, ಕ್ಲೀನರ್ ಹುಡುಗ ಇಬ್ಬರೂ ಬೆಳಗಿನ ಜಾವ ನಡಕೊಂಡು ಮನೆಗೆ ಬಂದರು. ಅಲ್ಲಿಗೂ ಮುಗೀಲಿಲ್ಲ. ಗಾಡಿ ಮಾರಿದರೂ ಬಾಕಿ ಉಳಿದಿದೆ ಅಂತ ಸಹಿ ಮಾಡಿದ್ದ ಚೆಕ್ಕು ಬ್ಯಾಂಕಿಗೆ ಹಾಕಿ ಕೇಸು ಮಾಡಿದರು. ಚೆಕ್ ಬೌನ್ಸ್ ಆದರೆ ಜೈಲು ಅನ್ನೋ 138ನೇ ಕಲಂ ಜಾರಿಗೆ ಬಂದು (1989ರ ಏಪ್ರಿಲ್) ಆಗ ಐದೇ ವರ್ಷ. ಅಕ್ಕನ ಎರಡೆಳೆ ಸರ ಆ ಕೇಸಿಗೆ ಹೋಯಿತು. ಸಾಲ ವಸೂಲಿಗೆ ಗೂಂಡಾಗಳನ್ನು ಬಿಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಬ್ಯಾಂಕುಗಳಿಗೆ ಕಟುವಾಗಿ ಹೇಳಿದ್ದು 2007ರಲ್ಲಿ, ರಿಸರ್ವ್ ಬ್ಯಾಂಕು ವಸೂಲಿ ಏಜೆಂಟರ ಬಗ್ಗೆ ವಿವರವಾದ ಸೂಚನೆ ಹೊರಡಿಸಿದ್ದು 2008ರಲ್ಲಿ. ಭಾವನಿಗೆ ಅದೆಲ್ಲಾ ಸಿಗಲಿಲ್ಲ.

ಟ್ರ್ಯಾಕ್ಟರ್ ವಿಷಯದಲ್ಲಿ ಮಾತ್ರ ನಮ್ಮವರು ಮೊದಲಿನಿಂದ ಬ್ಯಾಂಕಿನ ದಾರಿಯಲ್ಲೇ ಹೋದರು. 1969ರ ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ ಆದ ಮೇಲೆ ಹಳ್ಳಿಗಳಿಗೂ ಬ್ಯಾಂಕು ಬಂತು. ಕೆನರಾ ಬ್ಯಾಂಕು ಪ್ರಾಯೋಜಿಸಿದ ಕೋಲಾರ ಗ್ರಾಮೀಣ ಬ್ಯಾಂಕ್ ಇತ್ತು. ಅದು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿ ಹೆಸರು ಬದಲಾಯಿಸ್ತಾ ಬಂದಿದೆ. ತಾಲ್ಲೂಕಿಗೊಂದು ಪಿಎಲ್‌ಡಿ ಬ್ಯಾಂಕು. ಡೀಲರ್ ಹತ್ತಿರ ಕೊಟೇಶನ್ ತರೋದು, ಪಹಣಿ ಜೊತೆ ಬ್ಯಾಂಕಿಗೆ ಕೊಡೋದು, ಬ್ಯಾಂಕು ಡೀಲರ್ ಹೆಸರಿಗೆ ಡಿ.ಡಿ. ಕೊಡೋದು. ಇಲ್ಲಿ ಸಾಲ ಬೇರೆ, ಮಾಲು ಬೇರೆ, ತಾತ ಹೇಳಿದ ಹಾಗೇನೇ! ಆದರೆ ಡೀಲರ್ ಕಡೆಯವನು ಸುಮ್ನಿರ್ತಾನಾ? ಮನೆ ಜಗಲಿಗೇ ಬಂದು ಕೂತ್ಕೋತಿದ್ದ. ಮ್ಯಾನೇಜರ್ ನಮ್ಮೋರೇ, ಟ್ರೈಲರ್ ಜೊತೇಲೇ ತಗೊಳ್ಳಿ, ರೋಟವೇಟರ್ ಸಬ್ಸಿಡಿ ಬರುತ್ತೆ ಅಂತ ಬೇಕಿಲ್ಲದ್ದನ್ನೂ ಕೊಟೇಶನ್ನಿಗೆ ಸೇರಿಸ್ತಿದ್ದ. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಸಾವಿರ ಅಡಿ ದಾಟಿ ಬತ್ತಿದ ಮೇಲೆ ಟ್ರ್ಯಾಕ್ಟರ್ ಕಂತು ಕಟ್ಟೋಕೆ ಜಮೀನೇ ಮಾರಿದವರನ್ನು ನೋಡಿದ್ದೀನಿ. ಅದನ್ನ ಬರೆಯೋಕೆ ಹೋದರೆ ಬೇರೆ ಲೇಖನವೇ ಆಗುತ್ತೆ, ಬಿಡಿ.

ಈಗ ಕಾರಿಗೆ ವಾಪಸ್. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟರು. ಬೆಲೆ ಸುಮಾರು 50 ಸಾವಿರ. ಆಗಲೂ ಕಾಯಬೇಕಿತ್ತು. 1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸ್ ಬೇಕಿಲ್ಲ ಅಂದ ಮೇಲೆ ಚಿತ್ರ ತಿರುಗಿತು. 1998ರಲ್ಲಿ ಸ್ಯಾಂಟ್ರೋ, ಮ್ಯಾಟಿಜ್, ವರ್ಷದ ಕೊನೆಗೆ ಇಂಡಿಕಾ. ಕಾರುಗಳು ಗಿರಾಕಿಗೆ ಕಾಯೋಕೆ ಶುರುಮಾಡಿದವು. ಕೈಕಟ್ಟಿ ನಿಲ್ಲುತ್ತಿದ್ದವನಿಗೆ ಕುರ್ಚಿ, ಕಾಫಿ. ಜೊತೆಗೆ ಶೋರೂಮಿನೊಳಗೇ ಒಂದು ಟೇಬಲ್ ಹಾಕಿಕೊಂಡು ಖಾಸಗಿ ಬ್ಯಾಂಕಿನ, ಫೈನಾನ್ಸ್ ಕಂಪನಿಯ ಏಜೆಂಟು. ಗಿರಾಕಿ ಅಲ್ಲಿ ಸಾಲ ತಗೊಂಡರೆ ಡೀಲರಿಗೂ ಒಂದು ಪಾಲು. ಮಂಡಿ ಅಡ್ವಾನ್ಸ್ ಟೈ ಕಟ್ಟಿಕೊಂಡು ಬಂದಿತ್ತು, ಅಷ್ಟೇ.

ನಾನು ಮೊದಲ ಕಾರು ತಗೊಂಡದ್ದು ಆ ಕಾಲದಲ್ಲಿ. ಬ್ಯಾಂಕಿನಲ್ಲಿ 11 ಪರ್ಸೆಂಟಿಗೆ ಸಾಲ ಮಾತಾಡಿಕೊಂಡು ಹೋಗಿದ್ದೆ. ಶೋರೂಮಿನ ಹುಡುಗ ನಕ್ಕು "ಸಾರ್, ನಮ್ಮಲ್ಲಿ ಬರೀ 7 ಪರ್ಸೆಂಟು" ಅಂದ. ನಾನು ಬಿದ್ದೇಬಿಟ್ಟೆ. ಅವನದ್ದು ಫ್ಲ್ಯಾಟ್ ರೇಟು ಅಂತ ಗೊತ್ತಾದದ್ದು ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ. 3 ಲಕ್ಷಕ್ಕೆ 7 ಪರ್ಸೆಂಟಿನಂತೆ ಐದು ವರ್ಷಕ್ಕೆ ಬಡ್ಡಿ 1,05,000. ತಿಂಗಳಿಗೆ 6,750. ಅಸಲು ತೀರ್ತಾ ಬಂದರೂ ಬಡ್ಡಿ ಮಾತ್ರ ಮೊದಲಿನ 3 ಲಕ್ಷದ ಮೇಲೇ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕೋ ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಹನ್ನೆರಡೂವರೆ ಪರ್ಸೆಂಟು! ಬ್ಯಾಂಕಿನ 11 ಪರ್ಸೆಂಟಿಗೆ ಕಂತು 6,523 ಮಾತ್ರ. "ಕಮ್ಮಿ ಬಡ್ಡಿ"ಗೆ ನಾನು ಹದಿಮೂರು ಸಾವಿರದ ಮೇಲೆ ಜಾಸ್ತಿ ಕಟ್ಟಿದೆ. ಜೊತೆಗೆ 60 ಚೆಕ್ಕಿಗೆ ಸಹಿ. ಸಹಿ ಹಾಕ್ತಾ ಹಾಕ್ತಾ ಭಾವ ನೆನಪಾದರು, ಕೈ ನಿಲ್ಲಿಸಲಿಲ್ಲ. ನಾನು ಓದಿದೋನು, ನನಗೇನಾಗುತ್ತೆ ಅನ್ನೋ ಜಂಬ.

ಆಮೇಲೆ ನಿಯಮಗಳು ಒಂದೊಂದಾಗಿ ಬಂದಿವೆ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿ ಅನ್ನೋದೇ ಸುಳ್ಳು, ತಯಾರಕರು ಕೊಡೋ ರಿಯಾಯಿತಿ ಗಿರಾಕಿಗೆ ಬೆಲೆಯಲ್ಲೇ ಕಾಣಬೇಕು ಅಂತ ಬ್ಯಾಂಕುಗಳಿಗೆ ಹೇಳಿತು. 2024ರ ಅಕ್ಟೋಬರ್ 1ರಿಂದ ಸಾಲಕ್ಕೆ ಮುಂಚೆ ಕೆಎಫ್‌ಎಸ್ ಅಂತ ಒಂದು ಹಾಳೆ ಕೊಡಲೇಬೇಕು. ಬಡ್ಡಿ, ಪ್ರೊಸೆಸಿಂಗ್ ಫೀ, ಎಲ್ಲಾ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅನ್ನೋ ಎಪಿಆರ್ ಅದರಲ್ಲಿರುತ್ತೆ. ಡೀಲರುಗಳು ಡಿಸ್ಕೌಂಟು ಕೊಡೋಕೆ ಮಿತಿ ಹಾಕಿ ಶಿಕ್ಷಿಸ್ತಾ ಇದ್ದರು ಅಂತ 2021ರಲ್ಲಿ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ದಂಡ ಹಾಕಿತು, ಕಂಪನಿ ಮೇಲ್ಮನವಿ ಹೋಯಿತು. "ನಮ್ಮ ಕೈಯಲ್ಲಿ ಏನೂ ಇಲ್ಲ ಸಾರ್" ಅಂತ ಆ ಹುಡುಗರು ಹೇಳೋದು ಎಲ್ಲಾ ಸಲವೂ ನಾಟಕ ಅಲ್ಲ ಅಂತ ಆಗ ಅನಿಸಿತು. ಅವನಿಗೂ ತಿಂಗಳ ಟಾರ್ಗೆಟ್ಟು. ನಮ್ಮೂರ ಕಡೆಯ ಹುಡುಗನೇ.

ಸರಿ, ಅಕ್ಕನ ಮಗನ ವಿಷಯ. ಅವನಿಗೆ ಬ್ಯಾಂಕು 9.25ಕ್ಕೆ 6 ಲಕ್ಷ ಕೊಡ್ತೀನಿ ಅಂದಿತ್ತು. ಶೋರೂಮಿನದ್ದು 10.5, ಆದರೆ 15 ಸಾವಿರ ಹೆಚ್ಚು ಡಿಸ್ಕೌಂಟು. "ಇವತ್ತು ಸಂಜೆಯವರೆಗೆ ಮಾತ್ರ." ನಾನು ಹುಡುಗನಿಗೆ, "ಒಂದು ಕೆಲಸ ಮಾಡಪ್ಪಾ, ಸಾಲದ ಮಾತು ಪಕ್ಕಕ್ಕಿಡು. ಆನ್‌ರೋಡ್ ಬೆಲೆ ಬಿಡಿಸಿ ಬರೆದುಕೊಡು. ಗಾಡಿ ಬೆಲೆ, ಟ್ಯಾಕ್ಸು, ರಿಜಿಸ್ಟ್ರೇಶನ್, ಇನ್ಶೂರೆನ್ಸು, ಆಮೇಲೆ ಈ ಆಕ್ಸೆಸರಿ ಪ್ಯಾಕೇಜು, ಒಂದೊಂದೂ ಬೇರೆ" ಅಂದೆ. ಬರೆಯೋಕೆ ಇಪ್ಪತ್ತು ನಿಮಿಷ ತಗೊಂಡ, ಮಧ್ಯೆ ಎರಡು ಸಲ ಒಳಗೆ ಹೋಗಿ ಬಂದ. ಬರೆದ ಮೇಲೆ ನೋಡಿದರೆ ಕೇಳದ ಬಾಡಿ ಕೋಟಿಂಗು, ಕೇಳದ ಎಕ್ಸ್‌ಟೆಂಡೆಡ್ ವಾರಂಟಿ ಎರಡೂ ಒಳಗಿದ್ದವು. ಹೊಡೆಸಿ ಹಾಕಿಸಿದೆವು. ಇನ್ಶೂರೆನ್ಸ್ ಅವರ ಹತ್ತಿರವೇ ತಗೋಬೇಕು ಅಂತ ಯಾವ ಕಾನೂನೂ ಇಲ್ಲ. ಹೊರಗೆ ಕಮ್ಮಿಗೆ ಸಿಕ್ಕಿತು.

ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದ ನಮ್ಮ ಹುಡುಗ. ಬ್ಯಾಂಕಿನ ಕಂತು 12,528, ಅವರದ್ದು 12,896. ತಿಂಗಳಿಗೆ 368 ವ್ಯತ್ಯಾಸ, 60 ತಿಂಗಳಿಗೆ 22 ಸಾವಿರ. 15 ಸಾವಿರ ಕೊಟ್ಟು 22 ಸಾವಿರ ತಗೊಳ್ಳೋದು. ನ್ಯಾಯವಾಗಿ ಹೇಳಬೇಕು ಅಂದ್ರೆ, ಎರಡೇ ವರ್ಷಕ್ಕೆ ಸಾಲ ತೀರಿಸೋ ಹಾಗಿದ್ದರೆ ಹೆಚ್ಚುವರಿ ಬಡ್ಡಿ ಹದಿಮೂರು ಸಾವಿರದ ಹತ್ತಿರ ನಿಲ್ಲುತ್ತೆ, ಡಿಸ್ಕೌಂಟೇ ಲಾಭ. ಹಾಗಂತ ಕೇಳಿದೆ, "ಮುಂಚೆ ಮುಚ್ಚಿದರೆ ಎಷ್ಟು ಚಾರ್ಜು?" ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದ: ಬಾಕಿ ಅಸಲಿನ ಮೇಲೆ ಇಂತಿಷ್ಟು ಪರ್ಸೆಂಟು. ಅಲ್ಲಿಗೆ ಅದೂ ಕರಗಿತು. ಕೆಎಫ್‌ಎಸ್ ಹಾಳೆ ತೋರಿಸು ಅಂದರೆ "ಲಾಗಿನ್ ಮಾಡಿದ ಮೇಲೆ ಬರುತ್ತೆ ಸಾರ್" ಅಂದ. ಎದ್ದು ಬಂದೆವು.

ಎರಡು ದಿನ ಫೋನು ಬರಲಿಲ್ಲ. ನಮ್ಮ ಹುಡುಗ ಮುಖ ಸಪ್ಪಗೆ ಮಾಡಿಕೊಂಡು "ಮಾಮಾ, ಆ ಬಣ್ಣ ಬೇರೆಯವರಿಗೆ ಹೋಯ್ತೇನೋ" ಅಂತ. ಮೂರನೇ ದಿನ ಅವರೇ ಮಾಡಿದರು. 15 ಸಾವಿರ ಇಲ್ಲ, 8 ಸಾವಿರ ಬಿಡ್ತೀವಿ, ನಿಮ್ಮ ಬ್ಯಾಂಕಿನ ಡಿ.ಡಿ.ಯೇ ತನ್ನಿ ಅಂತ. ಒಪ್ಪಿಕೊಂಡೆವು. ಇನ್ನೂ ಎಳೆದಿದ್ದರೆ ಇನ್ನೊಂದೆರಡು ಸಾವಿರ ಇಳೀತಿತ್ತೋ ಏನೋ, ಅವನಿಗೆ ತಡೆಯೋ ಶಕ್ತಿ ಇರಲಿಲ್ಲ.

ಕೋಲಾರದ ಆರ್‌ಟಿಓದಲ್ಲಿ ಕೆಎ 07 ನಂಬರ್ ಆಯಿತು. ಕಾರು ತಗೊಂಡು ಮೊದಲು ಕುರುಡುಮಲೆ ಗಣಪನ ಹತ್ತಿರ ಪೂಜೆ, ಅಲ್ಲಿಂದ ಮುಳಬಾಗಿಲಿಗೆ ಅಕ್ಕನ ಮನೆಗೆ. ಅಕ್ಕ ನಿಂಬೆಹಣ್ಣು ಇಳಿ ತೆಗೆದು ಚಕ್ರದ ಕೆಳಗೆ ಇಟ್ಟಳು. ಆಮೇಲೆ ಮಗನ ಕೈಯಿಂದ ಆರ್‌ಸಿ ಕಾರ್ಡ್ ಈಸಿಕೊಂಡು ಕನ್ನಡಕ ಹಾಕಿಕೊಂಡು ನೋಡಿದಳು. ಅವಳಿಗೆ ಇಂಗ್ಲಿಷ್ ಬರಲ್ಲ. "ಇದ್ರಲ್ಲಿ ಮಾಲೀಕ ಅಂತ ಯಾರ ಹೆಸರಿದೆ?" ಅಂತ ಕೇಳಿದಳು. ಅವನು ಬೆರಳಿಟ್ಟು ತೋರಿಸಿದ. ಕೆಳಗೆ ಬ್ಯಾಂಕಿನ ಹೆಸರಿತ್ತಲ್ಲ, "ಅದೇನು?" ಅಂದಳು. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಓಸಿ ತಂದು, ಫಾರಂ 35 ಕೊಟ್ಟು ಅದನ್ನ ತೆಗೆಸಬೇಕು ಅಂತ ನಾನು ಹೇಳಿದೆ.

"ಬರೆದಿಡು ಎಲ್ಲಾದ್ರೂ" ಅಂದಳು. ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಬಂದಿದ್ದೀನಿ.